ಗೋಡೆಗೆ ತಿಳಿಯದ ಹೆಜ್ಜೆ

ಹುಬ್ಬಳ್ಳಿಯಲ್ಲಿ ನೀಲಾಂಬಿಕಾ ಎಂಬ ಕಲಾವಿದೆ ಇದ್ದಳು. ಅವಳು ಬಣ್ಣ, ಕುಂಚ ಬಿಟ್ಟು ಕ್ಯಾಮೆರಾ, ಕಂಪ್ಯೂಟರ್, ಬೆಳಕುಗಳಿಂದ ಕಲೆ ಮಾಡುತ್ತಿದ್ದಳು. ನಾಲ್ಕು ವರ್ಷ ದುಡಿದು, ಮುಚ್ಚಿಹೋದ ಹತ್ತಿ ಗಿರಣಿಯೊಂದರಲ್ಲಿ ಮೂವತ್ತು ಅಡಿ ಉದ್ದದ ಒಂದು ಗೋಡೆಯನ್ನು ಸಿದ್ಧಮಾಡಿದಳು.

ಆ ಗೋಡೆಯ ಮುಂದೆ ಯಾರು ನಡೆದರೂ ಅವರದೇ ಆಕಾರದ ಬೆಳಕಿನ ಗೊಂಬೆ ಅದರ ಮೇಲೆ ಮೂಡುತ್ತಿತ್ತು. ಸೋಜಿಗವೆಂದರೆ, ಗೊಂಬೆ ಅವರಿಗಿಂತ ಮೊದಲೇ ನಡೆಯುತ್ತಿತ್ತು. ನೀವು ತಲೆ ಕೆರೆದುಕೊಳ್ಳುವ ಮೊದಲೇ ಅದು ಕೆರೆದುಕೊಳ್ಳುತ್ತಿತ್ತು. ನೀವು ನಿಲ್ಲುವ ಮೊದಲೇ ಅದು ನಿಂತಿರುತ್ತಿತ್ತು. ಸಾವಿರಾರು ಜನರ ನಡಿಗೆ ನೋಡಿ ನೋಡಿ ಯಂತ್ರ ಅಷ್ಟು ಕಲಿತಿತ್ತು. ಬಂದವರು ಮೊದಲು ನಗುತ್ತಿದ್ದರು. ಆಮೇಲೆ ಗೋಡೆಯಿಂದ ಒಂದು ಹೆಜ್ಜೆ ಹಿಂದೆ ಸರಿಯುತ್ತಿದ್ದರು.

ನೀಲಾಂಬಿಕಾ ತನ್ನ ಗುರು ಬಡಿಗೇರ ಮಾಸ್ತರನ್ನು ಕರೆತಂದು ತೋರಿಸಿದಳು.

"ನೋಡ್ರಿ ಸರ್, ಮನುಷ್ಯಾ ಅಂದ್ರ ಇಷ್ಟ. ಒಂದು ಲೆಕ್ಕ. ಇಲ್ಲೀತನಾ ಒಂದು ಸಲಾನೂ ತಪ್ಪಿಲ್ಲ."

ಮಾಸ್ತರು ಬಹಳ ಹೊತ್ತು ನೋಡಿದರು. "ಭಾಳ ಚಂದ ಮಾಡೀದಿ, ತಂಗಿ. ಆದ್ರ ಇನ್ನೂ ಎಷ್ಟೋ ಮಂದಿ ಬರೂದೈತಿ. ಅವಸರ ಮಾಡಬ್ಯಾಡ" ಎಂದಷ್ಟೇ ಹೇಳಿ ಹೊರಟುಹೋದರು.

ಮಾಸ್ತರು ಬಂದುಹೋದ ಮೂರನೆಯ ದಿನ ಮಧ್ಯಾಹ್ನ ಒಬ್ಬ ಅಜ್ಜ ಬಂದರು. ಅವರಿಗೆ ಕೈಕಾಲು ನಡುಗುವ ಕಾಯಿಲೆ. ಅವರ ಕೈ ನಡುಗುವ ಮೊದಲೇ ಗೋಡೆಯ ಮೇಲಿನ ಕೈ ನಡುಗಿತು. ನಾಲ್ಕು ಹೆಜ್ಜೆ ಮುಂದಿದ್ದ ಗೊಂಬೆ ಇದ್ದಕ್ಕಿದ್ದಂತೆ ತತ್ತರಿಸಿ ದೊಪ್ಪನೆ ಬಿತ್ತು. ಜನ "ಅಯ್ಯೋ!" ಎಂದರು. ಆದರೆ ಯಾರೂ ಅಲುಗಲಿಲ್ಲ. ಎಲ್ಲರ ಕಣ್ಣೂ ಗೋಡೆಯ ಮೇಲೆ ನೆಟ್ಟಿತ್ತು. ನೀಲಾಂಬಿಕಾಳ ಕಣ್ಣೂ ಅಲ್ಲೇ ಇತ್ತು.

ಅಷ್ಟರಲ್ಲಿ, ಗೋಡೆ ನೋಡಲು ಬಂದಿದ್ದ ಬಸ್ ಕಂಡಕ್ಟರ್ ಮಾಬೂಬಿ ಹೊರಗೆ ಹೋಗುತ್ತಿದ್ದಳು. ಡ್ಯೂಟಿಗೆ ಹೊತ್ತಾಗಿತ್ತು. ಅವಳ ಗೊಂಬೆ ಆಗಲೇ ಬಾಗಿಲ ಕಡೆಯ ಗೋಡೆಯಂಚು ದಾಟಿ ಮರೆಯಾಗಿತ್ತು. ಮಾಬೂಬಿ ಮಾತ್ರ ಗಕ್ಕನೆ ತಿರುಗಿ ಓಡಿಬಂದು, ಇನ್ನೇನು ಬೀಳಲಿದ್ದ ಅಜ್ಜನನ್ನು ಎರಡೂ ಕೈಯಿಂದ ಅವಚಿ ಹಿಡಿದಳು.

ಅಜ್ಜ ಬೀಳಲಿಲ್ಲ!

ಯಂತ್ರ ತಬ್ಬಿಬ್ಬಾಯಿತು. ಹೀಗೂ ಹೋದಾರು, ಹಾಗೂ ಹೋದಾರು ಎಂದು ನೂರಾರು ಗೊಂಬೆಗಳನ್ನು ಒಮ್ಮೆಲೇ ಬರೆಯತೊಡಗಿತು. ಒಂದರ ಮೇಲೊಂದು ಬಿದ್ದು ಮೂವತ್ತು ಅಡಿ ಗೋಡೆಯೂ ಬೆಳ್ಳಗೆ ಬೆಳಗಿತು. ಆ ಬೆಳಕಿನ ಮುಂದೆ ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ಸಣ್ಣ ಸಣ್ಣ ಹೆಜ್ಜೆ ಇಡುತ್ತ ನಡೆದರು. ನೀಲಾಂಬಿಕಾಳ ಕಣ್ಣು ತುಂಬಿಬಂತು. ಇಂಥದ್ದನ್ನು ಅವಳು ಮಾಡಿರಲಿಲ್ಲ. ಮಾಡಲು ಅವಳಿಗೆ ಬರುತ್ತಲೂ ಇರಲಿಲ್ಲ.

ಅವಳು ಓಡಿಹೋಗಿ ಮಾಬೂಬಿಯನ್ನು ಕೇಳಿದಳು: "ಗೊಂಬಿ ಬಿದ್ದದ್ದು ನೋಡಿ ಓಡಿ ಬಂದ್ರೇನ್ರಿ?"

"ಗೊಂಬಿ ಯಾರು ನೋಡ್ಯಾರ್ರಿ? ಅಜ್ಜಾರ ಮಾರಿ ನೋಡಿದೆ. ಬಸ್ಸಿನ್ಯಾಗ ದಿನಾ ಅದನ್ನ ಮಾಡ್ತೀನಿ. ಯಾರಿಗೆ ಸೀಟು ಬೇಕು ಅಂತ ಮಾರಿ ನೋಡಿದ್ರ ಗೊತ್ತಾಗ್ತೈತಿ" ಎಂದು ಮಾಬೂಬಿ ಅಜ್ಜನನ್ನು ಕೂರಿಸಿ, ಲಗುಬಗೆಯಿಂದ ಹೊರಟಳು.

ಮರುದಿನ ವಿದೇಶದ ಪ್ರದರ್ಶನಕ್ಕೆ ಕೃತಿ ಆರಿಸುವವರು ಬರುವವರಿದ್ದರು. ಗೋಡೆಯ ಯಂತ್ರ ನೋಡಿಕೊಳ್ಳುತ್ತಿದ್ದ ಎಂಜಿನಿಯರ್ ವಾದಿರಾಜ ಅಂದೇ ಸಂಜೆ ಹೇಳಿದ, "ಮೇಡಂ, ಇವತ್ತ ಆದದ್ದನ್ನೂ ಯಂತ್ರಕ್ಕ ಕಲಿಸಿಬಿಡ್ತೀನಿ. ಇನ್ನ ತಪ್ಪಂಗಿಲ್ಲ."

ನೀಲಾಂಬಿಕಾ ಗೋಡೆಯ ಕಡೆ ನೋಡಿದಳು. ನಾಲ್ಕು ವರ್ಷದ ದುಡಿಮೆ ಕಣ್ಣಮುಂದೆ ಬಂತು. "ಬ್ಯಾಡ ವಾದಿರಾಜ. ಅದಕ್ಕ ಗೊತ್ತಾಗದ್ದು ಗೊತ್ತಾಗದಂಗ ಇರಲಿ" ಎಂದಳು. ಬಾಗಿಲ ಬಳಿ ತಾನೇ ಒಂದು ಫಲಕ ಬರೆದು ನಿಲ್ಲಿಸಿದಳು: "ಈ ಗೋಡೆ ಊಹಿಸದ್ದು ಇಲ್ಲಿ ನಡೆಯಬಹುದು. ದಯವಿಟ್ಟು ಕಾಯಿರಿ."

ಆರಿಸುವವರು ಸಂಜೆಯವರೆಗೆ ಕಾದರು. ಏನೂ ನಡೆಯಲಿಲ್ಲ. ಕೃತಿಯನ್ನು ಆರಿಸದೆ ಎದ್ದು ಹೋದರು. ಆದರೆ ಹುಬ್ಬಳ್ಳಿಯ ಜನ ಬರುವುದನ್ನು ಬಿಡಲಿಲ್ಲ. ನೆಲದ ಮೇಲೆ ಕೂತು, ಗೋಡೆಗೆ ಬೆನ್ನು ಮಾಡಿ, ಬರುವವರ ಮುಖಗಳನ್ನೇ ಕಣ್ತುಂಬ ನೋಡುತ್ತಿದ್ದರು.

ನೀತಿ: ನಾವು ದಿನವೂ ನಡೆಯುವ ದಾರಿಯನ್ನು ಯಂತ್ರ ಊಹಿಸಬಲ್ಲದು. ಇನ್ನೊಬ್ಬರಿಗಾಗಿ ಆ ದಾರಿಯಿಂದ ಹಿಂತಿರುಗುವ ಶಕ್ತಿ ನಮ್ಮಲ್ಲಿದೆ. ಅದನ್ನು ಬಳಸಿದಾಗಲೇ ನಾವು ಮನುಷ್ಯರು.