ದುಃಖ ಗೆದ್ದ ಆಮೆ

ಕೆರೆ ಏರಿಯ ಆಲದ ಮರದಿಂದ ಬಿದ್ದು ಕೋತಿಯೊಂದರ ಮರಿ ಸತ್ತುಹೋಯಿತು. ತಾಯಿ ಅದನ್ನು ಎದೆಯಿಂದ ಇಳಿಸಲೇ ಇಲ್ಲ. ನಾಲ್ಕು ದಿನ ಹೊತ್ತುಕೊಂಡೇ ತಿರುಗಿತು. ಏನನ್ನೂ ತಿನ್ನಲಿಲ್ಲ, ಹಿಂದೆ ಹಿಂದೆಯೇ ಬರುತ್ತಿದ್ದ ಹಿರಿಮಗಳ ಕಡೆ ನೋಡಲೂ ಇಲ್ಲ. ಕೊನೆಗೆ ಬಳಗದವರು ಅದನ್ನು ಮುದಿ ಆಮೆಯ ಬಳಿಗೆ ಕರೆತಂದರು. ದುಃಖವನ್ನು ಗೆದ್ದವಳೆಂದು ಆಮೆಗೆ ಕೆರೆಯ ಸುತ್ತಲೂ ಹೆಸರಿತ್ತು.

"ನನಗೂ ನೂರಾರು ಮಕ್ಕಳು. ಒಂದಕ್ಕಾಗಿಯೂ ಕಣ್ಣೀರು ಹಾಕಿದವಳಲ್ಲ," ಎಂದಿತು ಆಮೆ. "ಕತ್ತನ್ನು ಒಳಗೆಳೆದುಕೊಂಡು ನಿನ್ನನ್ನು ನೀನೇ ನೋಡಿಕೋ. ದುಃಖ ಹೊರಗೇ ಉಳಿಯುತ್ತದೆ."

"ಒಳಗೆ ನೋಡಿದರೆ ನನಗೆ ಇವನೇ ಕಾಣುತ್ತಾನೆ, ಅಜ್ಜಿ. ನಿಮಗೆ ಯಾರೂ ಕಾಣುವುದಿಲ್ಲವೇ?"

"ಯಾರು ಕಾಣಬೇಕು? ಮೊಟ್ಟೆಗಳನ್ನು ಮರಳಲ್ಲಿ ಮುಚ್ಚಿ ಬಂದವಳು ಮತ್ತೆ ಆ ಕಡೆ ಹೋಗಿಯೇ ಇಲ್ಲ."

ಅಷ್ಟರಲ್ಲಿ ಅಂಗೈಯಗಲದ ಆಮೆಮರಿಯೊಂದು ಬಿಸಿಲು ಕಾಯಿಸಲು ಮುದಿ ಆಮೆ ಕೂತಿದ್ದ ಕಲ್ಲನ್ನೇ ಹತ್ತಿತು.

"ಯಾರ ಮಗು ನೀನು? ಅತ್ತ ಸರಿ," ಎಂದು ಮುದಿ ಆಮೆ ಗದರಿತು.

"ಗೊತ್ತಿಲ್ಲ, ಅಜ್ಜಿ," ಎಂದು ಮರಿ ನೀರಿಗೆ ಜಾರಿತು.

ಕೋತಿ ಆ ನೀರನ್ನೇ ನೋಡಿತು. "ನನ್ನ ಮಗನಿಗೆ ಗೊತ್ತಿತ್ತು," ಎಂದಿತು. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅದಕ್ಕೆ ಅಳು ಒಡೆದು ಬಂತು. ಅಳುತ್ತಲೇ ಮಗನನ್ನು ಆಲದ ಬುಡದಲ್ಲಿ ಮಲಗಿಸಿ ತರಗೆಲೆ ಮುಚ್ಚಿತು. ದೂರ ನಿಂತಿದ್ದ ಮಗಳನ್ನು ಕರೆದು ಎದೆಗವಚಿಕೊಂಡು, ಹಣ್ಣು ಹುಡುಕಲು ಮರ ಹತ್ತಿತು. ನಡುನಡುವೆ ಬಿಕ್ಕುತ್ತಲೇ ತಾನೂ ತಿಂದಿತು, ಮಗಳಿಗೂ ತಿನ್ನಿಸಿತು.

"ನೋಡಿದಿರಾ?" ಎಂದಿತು ಆಮೆ ಬಳಗದವರಿಗೆ. "ನನ್ನ ಒಂದೇ ಉಪದೇಶಕ್ಕೆ ಗುಣವಾಯಿತು."