ಮನೆ ಹೊತ್ತು ಹೊರಟ ಆಮೆ

ಕೆರೆಯ ನೀರು ಚಳಿಗೆ ಕೊರೆಯತೊಡಗಿದಾಗ ಆಮೆಯು ಬೆಚ್ಚಗಿನ ಮರಳಿರುವ ದೂರದ ಹೊಳೆಗೆ ಹೊರಟಿತು. ಬೆನ್ನ ಮೇಲೇ ಮನೆ ಇದ್ದುದರಿಂದ ಛತ್ರ ಹುಡುಕುವ ಗೋಜಿರಲಿಲ್ಲ. ಚಳಿ ತಾಳಲಾರದ ಕಪ್ಪೆಯೂ ಆ ಮನೆಯ ಮಾಳಿಗೆಯೇರಿ ಕುಳಿತಿತು.

ಬೇಲಿ ದಾಟುವಷ್ಟರಲ್ಲಿ ಕಪ್ಪೆ ಸೀನಿತು.

"ಒಂಟಿ ಸೀನು! ಅಪಶಕುನ. ಬೇಗ ಇನ್ನೊಮ್ಮೆ ಸೀನಿಬಿಡು," ಎಂದಿತು ಆಮೆ.

ಕಪ್ಪೆ ಮೂಗಿಗೆ ಹುಲ್ಲುಕಡ್ಡಿ ತುರುಕಿಕೊಂಡಿತು. ಸೀನು ಬರಲಿಲ್ಲ.

"ಹಾಗಾದರೆ ಮನೆಗೆ ಹಿಂದಿರುಗಿ, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಹಿರಿಯರ ಪದ್ಧತಿ."

"ನಿಂತಲ್ಲೇ ತಲೆ ಒಳಗೆಳೆದುಕೋ ಆಮೆಯಣ್ಣ, ಮನೆಗೆ ಹೋದಂತೆಯೇ ಆಯಿತಲ್ಲ?"

"ಬೀದಿಯಲ್ಲಿ ನಿಂತು ಮನೆಗೆ ಬಂದೆ ಎನ್ನಲೇ? ನೋಡಿದವರು ನಗುವುದಿಲ್ಲವೇ?"

ಆಮೆ ತಿರುಗಿ ಕೆರೆದಂಡೆಗೆ ಬಂದಿತು. ತಾನು ಮಲಗುತ್ತಿದ್ದ ಜಾಗ ನೋಡಿ ತಲೆ ಚಚ್ಚಿಕೊಂಡಿತು.

"ಅಯ್ಯೋ! ಹೊರಟು ಗಳಿಗೆಯಾಗಿಲ್ಲ, ಯಾರೋ ಮನೆಯನ್ನೇ ಹೊತ್ತೊಯ್ದಿದ್ದಾರೆ!"

"ಹೊತ್ತೊಯ್ದವನು ನೀನೇ. ನಾನು ಕೂತಿರುವುದು ಅದರ ಮೇಲೇ," ಎಂದಿತು ಕಪ್ಪೆ.

"ಇದು ಪ್ರಯಾಣದ ಮನೆ. ಹಿಂದಿರುಗಿ ಬರಲು ಇನ್ನೊಂದು ಬೇಡವೇ? ಕಳ್ಳ ಸಿಗುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ."

ಕಪ್ಪೆ ಇಳಿದು, ಕುಪ್ಪಳಿಸುತ್ತ ಹೊಳೆಯ ದಾರಿ ಹಿಡಿಯಿತು. ಆಮೆ ಚಳಿಗಾಲವಿಡೀ ಆ ಖಾಲಿ ಜಾಗಕ್ಕೆ ನಡುಗುತ್ತ ಕಾವಲು ಕುಳಿತಿತು.

ಬಿಸಿಲೇರಿದ ಮೇಲೆ ಬಂದ ಕೊಕ್ಕರೆ ವಿಚಾರಿಸಿತು: "ಪ್ರವಾಸ ಹೇಗಾಯಿತು, ಆಮೆರಾಯರೇ?"

ಆಮೆ ನಿಟ್ಟುಸಿರಿಟ್ಟಿತು.

"ಎಷ್ಟು ಊರು ಸುತ್ತಿದರೇನು ತಾಯಿ, ನಮ್ಮ ಮನೆಯ ಸುಖ ಎಲ್ಲೂ ಇಲ್ಲ."