ಮಾರಿದ ಬಿಲಕ್ಕೆ ಇನ್ನೊಬ್ಬ ಒಡೆಯ

ಒಂದು ಕಾಡಿನಲ್ಲಿ ತುಂಬು ಬಸುರಿ ಮುಳ್ಳುಹಂದಿಯೊಂದಿತ್ತು. ಮಳೆಗಾಲ ಹತ್ತಿರ ಬಂದರೂ ಅದಕ್ಕೊಂದು ನೆಲೆ ಸಿಕ್ಕಿರಲಿಲ್ಲ. ಅದೇ ಹೊತ್ತಿಗೆ ನರಿ ಗುಡ್ಡದ ಮೇಲಿನ ದೊಡ್ಡ ಗುಹೆ ಸೇರಿಕೊಂಡು, ಬಂಡೆಯ ಕೆಳಗಿನ ಹಳೆಯ ಬಿಲವನ್ನು ಮಾರಲು ಹೊರಟಿತ್ತು.

"ಬೆಲೆ ಒಂದು ರಾಶಿ ಗೆಣಸು, ಮುಳ್ಳಕ್ಕ. ಅರ್ಧ ಈಗ ಕೊಡು, ಉಳಿದದ್ದು ಮಳೆ ನಿಂತ ಮೇಲೆ ಕೊಡುವೆಯಂತೆ" ಎಂದಿತು ನರಿ.

ಆ ಕಾಡಿನಲ್ಲಿ ಒಂದು ಪದ್ಧತಿ. ಬಿಲ ಮಾರಿದವರು ತಮ್ಮ ಹೆಜ್ಜೆ ಗುರುತನ್ನು ಬಾಲದಿಂದ ಗುಡಿಸುತ್ತಾ ಹೊರಗೆ ಬರಬೇಕು. ಅಲ್ಲಿಗೆ ಬಿಲ ಕೊಂಡವರದಾಯಿತು. ಮುಳ್ಳುಹಂದಿ ಅರ್ಧ ರಾಶಿ ಗೆಣಸು ಕೊಟ್ಟಿತು, ನರಿ ಎಲ್ಲರೆದುರು ಬಾಲ ಬೀಸಿ ಗುಡಿಸಿತು. ಮುಳ್ಳುಹಂದಿ ಒಳಗೆ ಹುಲ್ಲು ಹಾಸಿಕೊಂಡು ನೆಮ್ಮದಿಯಾಗಿ ಮರಿ ಹಾಕಿತು.

ಆಮೇಲೆ ನರಿ ಕರಡಿಯ ಜೇನು ಕದ್ದು ಸಿಕ್ಕಿಬಿತ್ತು. ಪಂಚಾಯಿತಿಯ ಹಿರಿಯ ಆನೆ ತೀರ್ಪು ಕೊಟ್ಟಿತು: "ಜೇನು ತೀರಿಸು. ಇಲ್ಲದಿದ್ದರೆ ಕರಡಿ ನಿನ್ನ ಆಸ್ತಿ ಹಿಡಿದುಕೊಳ್ಳಲಿ."

ಗುಹೆ ಕೈತಪ್ಪುವುದೆಂದು ನರಿಗೆ ಗಾಬರಿ. ಮಹಾ ಬುದ್ಧಿವಂತ ತಾನೆ! "ಕರಡಿಯಣ್ಣ, ಬಂಡೆಯ ಕೆಳಗಿನ ಬಿಲ ನನ್ನದೇ. ಅದನ್ನೇ ತಗೊಂಡುಬಿಡು" ಎಂದಿತು.

ಕರಡಿ ಕೆಟ್ಟದ್ದೇನಲ್ಲ. ಪಾಪ, ಬೇಸಿಗೆಯೆಲ್ಲ ಕೂಡಿಟ್ಟ ಜೇನು ಕಳೆದುಕೊಂಡು ಹೊಟ್ಟೆ ಉರಿಸಿಕೊಂಡಿತ್ತು. ಬಿಲದ ಬಾಯಿಗೆ ಬಂದು "ಜಾಗ ಖಾಲಿ ಮಾಡು!" ಎಂದು ಗದರಿಸಿತು. ಹೊರಗೆ ಧೋ ಎಂದು ಮಳೆ. ಮರಿಗಳ ಮುಳ್ಳು ಇನ್ನೂ ಬಲಿತಿರಲಿಲ್ಲ.

"ಅಣ್ಣಾ, ಇದು ನಾನು ಕೊಂಡ ಮನೆ. ಆನೆಯಜ್ಜನನ್ನು ಒಂದು ಮಾತು ಕೇಳೋಣ" ಎಂದು ಮುಳ್ಳುಹಂದಿ ಬೇಡಿಕೊಂಡಿತು.

ಆನೆ ನರಿಯನ್ನು ಕರೆಸಿತು. "ಹೆಜ್ಜೆ ಗುಡಿಸಿದ್ದೆಯಾ?"

"ಗುಡಿಸಿದ್ದೆ ಅಜ್ಜ, ಸುಮ್ಮನೆ ಶಾಸ್ತ್ರಕ್ಕೆ. ಬಿಲ ಇನ್ನೂ ನನ್ನದೇ. ಮುಳ್ಳಕ್ಕ ನನಗೆ ಇನ್ನೂ ಅರ್ಧ ರಾಶಿ ಗೆಣಸು ಕೊಡಬೇಕು, ಅದನ್ನು ಮಾತ್ರ ಬಿಡುವವನಲ್ಲ ನಾನು!"

"ಬಿಲ ನಿನ್ನದೇ ಆದರೆ ಅವಳು ಗೆಣಸು ಯಾಕೆ ಕೊಡಬೇಕು?"

ನರಿ ಹಗ್ಗವನ್ನು ತಾನೇ ಕೊರಳಿಗೆ ಹಾಕಿಕೊಂಡಿತ್ತು.

ಆನೆ ಹೇಳಿತು: "ಹೆಜ್ಜೆ ಗುಡಿಸಿದಂದೇ ಬಿಲ ಅವಳದಾಯಿತು. ಜೇನಿನ ತೀರ್ಪು ಬಂದದ್ದು ಆಮೇಲೆ. ಆಗ ಅದರಲ್ಲಿ ನಿನಗೆ ಉಳಿದಿದ್ದು ಬಾಕಿ ಗೆಣಸು ಮಾತ್ರ. ಮುಳ್ಳಕ್ಕ ಅದನ್ನು ಮಳೆ ನಿಂತ ಮೇಲೆ ಕರಡಿಗೆ ಕೊಡಲಿ. ಜೇನಿಗೆ ಅದು ಸಾಕಾಗುವುದಿಲ್ಲ. ಆದ್ದರಿಂದ ಕರಡಿ ನಿನ್ನ ಗುಹೆಯನ್ನೂ ಹಿಡಿದುಕೊಳ್ಳಲಿ."

ಕರಡಿಗೆ ನಾಚಿಕೆಯಾಯಿತು. "ಹೆದರಿಸಿಬಿಟ್ಟೆನಲ್ಲ ತಂಗಿ, ಮರಿಗಳನ್ನು ಬೆಚ್ಚಗೆ ಮಲಗಿಸು" ಎಂದು ಹೇಳಿ ಗುಡ್ಡ ಹತ್ತಿತು. ಅಂದು ನರಿ ಮಳೆಯಲ್ಲಿ ನೆನೆಯುತ್ತಾ ಮರದಿಂದ ಮರಕ್ಕೆ ಅಲೆಯಿತು.

ನೀತಿ: ಮಾರಿದ ಸೊತ್ತನ್ನು ತನ್ನದೆಂದು ತೋರಿಸಿ ಪಾರಾಗಲು ಹೊರಟವನು ನಿಜವಾಗಿ ತನ್ನದಾಗಿದ್ದುದನ್ನೂ ಕಳೆದುಕೊಳ್ಳುತ್ತಾನೆ.